ಲೊರೆಟ್ಟಾಳ ಬಲಮೊಣಕಾಲು

“ಈ ಮನುಷ್ಯನಿಗೆ ಮನೆಗೆ ಹೋಗೋ ದಾರಿ ಯಾರೂ ತೋರಿಸಿಲ್ವಾ?”

ಅಡುಗೆಮನೆಯಲ್ಲಿ ಒಬ್ಬಳೇ ಇದ್ದ ಲೊರೆಟ್ಟಾ ವೊಯ್ಟಾಸಿಕ್ ಟೀವಿಯನ್ನು ಕೇಳಿದಳು. ಬಲಮೊಣಕಾಲಿನ ಮೇಲೆ ಫ್ರಿಜ್ಜಿನಿಂದ ತೆಗೆದ ಬಟಾಣಿ ಪೊಟ್ಟಣ ಇಟ್ಟುಕೊಂಡು ಕಾಲನ್ನು ಎದುರಿನ ಕುರ್ಚಿಗೆ ಚಾಚಿದ್ದಳು. ಟೀವಿಯಲ್ಲಿ ಪೋರ್ಟ್ ಆರ್ಲೆನ್ ಹ್ಯಾಮರ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು, ವೇಡ್ ಟಾಲಿವರ್ ಮೈಕುಗಳ ಗೊಂಚಲಿನ ಮುಂದೆ ನಿಂತು, “ಇನ್ನೊಂದು ವರ್ಷ ಆಡ್ತೀನಿ” ಎಂದು ಆಗಷ್ಟೇ ಹೇಳಿದ್ದ. ಹೋದ ವರ್ಷವೂ ಇದನ್ನೇ ಹೇಳಿದ್ದ. ಅದರ ಹಿಂದಿನ ವರ್ಷವೂ. ಅವನಿಗೆ ನಲವತ್ತೈದು. ಓರಗೆಯವರೆಲ್ಲ ಆಟ ಬಿಟ್ಟು, ಕಾರು ಮಾರುತ್ತಲೋ ಟೀವಿಯಲ್ಲಿ ಕೂತು ಬೇರೆಯವರ ಆಟಕ್ಕೆ ಹೆಸರಿಡುತ್ತಲೋ ಹೊಟ್ಟೆ ಬೆಳೆಸಿಕೊಂಡಿದ್ದರು.

ಲೊರೆಟ್ಟಾಳಿಗೆ ಕಣ್ಣಲ್ಲಿ ನೀರು ಬಂತು. ಅರ್ಧ ಸಂತೋಷಕ್ಕೆ, ಅರ್ಧ ಮೊಣಕಾಲಿಗೆ.

ಅವನು ಚೆಂಡು ಎಸೆಯುವುದನ್ನು ಊರೆಲ್ಲ ಮೆಚ್ಚುತ್ತಿತ್ತು. ಲೊರೆಟ್ಟಾ ಮೆಚ್ಚಿದ್ದು ಅವನು ಬಿದ್ದು ಏಳುವುದನ್ನು. ಎತ್ತಿನಂಥ ಇಬ್ಬರು ಹುಡುಗರು ಓಡಿಬಂದು ಅಪ್ಪಳಿಸಿ ನೆಲಕ್ಕೆ ಹೊಲಿದು ಹಾಕಿದ ಮೇಲೆ ಅವನು ಮೊದಲು ಅಂಗೈ ಊರುವನು; ಆಮೇಲೆ ಒಂದು ಮಂಡಿ; ಆಮೇಲೆ ಹೆಲ್ಮೆಟ್ಟಿಗೆ ಸಿಕ್ಕಿಕೊಂಡ ಹುಲ್ಲು ಕಿತ್ತು ಬಿಸಾಡುವನು; ಕೊನೆಗೆ, ತನ್ನನ್ನು ಕೆಡವಿದವನಿಗೇ ಕೈಕೊಟ್ಟು ಎಬ್ಬಿಸಿ ಅವನ ಕಿವಿಯಲ್ಲಿ ಏನೋ ಹೇಳುವನು. ಚಿಕ್ಕಂದಿನಲ್ಲಿ ಅಜ್ಜಿ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದುದ್ದಕ್ಕೂ ಪೋಲಿಷ್ ಪದ್ಯಗಳನ್ನು ರಾಗವಾಗಿ ಹೇಳುತ್ತಿದ್ದಳು. ಯೇಸು ಶಿಲುಬೆಯ ಭಾರಕ್ಕೆ ಕುಸಿದು ಮತ್ತೆ ಏಳುವ ಸಾಲು ಬಂದಾಗ ಲೊರೆಟ್ಟಾ ಉಸಿರು ಬಿಗಿಹಿಡಿದು ಕೂರುತ್ತಿದ್ದಳು. ವೇಡ್ ಬಿದ್ದಾಗಲೂ ಅವಳ ಉಸಿರು ಹಾಗೇ ನಿಲ್ಲುತ್ತಿತ್ತು. ಹೋಲಿಕೆ ತಪ್ಪೆಂದು ಅವಳಿಗೆ ಗೊತ್ತು. ಪಾಪನಿವೇದನೆಯಲ್ಲಿ ಹೇಳಿಕೊಂಡೂ ಇದ್ದಳು. ಫಾದರ್ ಲಿಪಿನ್ಸ್ಕಿ ಜಾಲರಿಯ ಆಚೆಯಿಂದ, “ನಂಗೂ ಹಾಗೇ ಅನ್ಸುತ್ತಮ್ಮ, ಇಬ್ರೂ ಸೇರಿ ಒಂದು ಜಪಸರ ಹೇಳಿಬಿಡೋಣ” ಅಂದಿದ್ದರು.

ಇನ್ನು ಮೊಣಕಾಲಿನ ಸಂಗತಿ. ಕೆಲವು ವರ್ಷಗಳ ಕೆಳಗೆ, ಹಿಮ ಸುರಿಯುತ್ತಿದ್ದ ಒಂದು ಭಾನುವಾರ, ವೇಡ್ ಬಲಮೊಣಕಾಲು ಹಿಡಿದುಕೊಂಡು ಬಿದ್ದವನು ಏಳಲಿಲ್ಲ. ಇಡೀ ಕ್ರೀಡಾಂಗಣ ಎದ್ದು ನಿಂತಿತು. ಲೊರೆಟ್ಟಾ ಪ್ರಾರ್ಥನೆಗೆಂದು ಕುರ್ಚಿಸಾಲುಗಳ ಇಕ್ಕಟ್ಟಿನಲ್ಲೇ ಮಂಡಿಯೂರಲು ಹೋದಳು. ಯಾರೋ ಚೆಲ್ಲಿದ ಬಿಸಿ ಚೀಸಿನ ಮೇಲೆ ಕಾಲು ಜಾರಿ, ಬಲಮೊಣಕಾಲು ಸಿಮೆಂಟಿಗೆ ಬಡಿದು ‘ಟಕ್’ ಎಂದಿತು. ಅದೇ ಕ್ಷಣಕ್ಕೆ ಅಲ್ಲಿ ವೇಡ್ ಎದ್ದು ನಿಂತ. ಆ ಸಾಲಿನವರೆಲ್ಲ ಎರಡನ್ನೂ ಕಣ್ಣಾರೆ ಕಂಡರು. ಪಂದ್ಯ ಮುಗಿಯುವ ಹೊತ್ತಿಗೆ ಊರು ತೀರ್ಮಾನಿಸಿಬಿಟ್ಟಿತ್ತು: ಅವನ ನೋವು ಇವಳಿಗೆ ಇಳಿದಿದೆ; ಇವಳ ನೋವು ಇರುವ ತನಕ ಅವನ ಕಾಲಿಗೆ ಭಯವಿಲ್ಲ.

ಅಂದಿನಿಂದ ಲೊರೆಟ್ಟಾಳ ಮೊಣಕಾಲು ಊರಿನ ಆಸ್ತಿಯಾಯಿತು. ಶುಕ್ರವಾರ ರೇಡಿಯೋದಲ್ಲಿ ತಂಡದ ಗಾಯಾಳುಗಳ ಹೆಸರು ಓದಿದ ಮೇಲೆ, “ಲೊರೆಟ್ಟಾ, ಬಲಗಾಲು, ಚೆನ್ನಾಗಿ ಊದಿದೆ” ಎಂದು ಓದುತ್ತಿದ್ದರು. ಅಂಗಡಿಯಲ್ಲಿ ಅವಳು “ಇವತ್ತು ತುಂಬಾ ನೋವು” ಅಂದರೆ ಜನ “ದೇವರು ದೊಡ್ಡವನು!” ಎಂದು ಅಪ್ಪಿಕೊಳ್ಳುತ್ತಿದ್ದರು. ಒಮ್ಮೆ ಸೋದರಸಂಬಂಧಿಯೊಬ್ಬಳು ಕಳಿಸಿದ ಮುಲಾಮು ಹಚ್ಚಿ ನೋವು ಕಡಿಮೆಯಾದ ವಾರ, ವೇಡ್ ಎಸೆದ ಚೆಂಡೆಲ್ಲ ಎದುರಾಳಿಗಳ ಕೈಗೇ ಹೋಗಿ ಬಿತ್ತು. ಆ ಡಬ್ಬಿಯನ್ನು ಕ್ರೀಡಾಂಗಣದ ಕಾರು ನಿಲ್ಲಿಸುವ ಜಾಗದಲ್ಲಿ ಪ್ರಾರ್ಥನೆ ಸಮೇತ ಹೂಳಲಾಯಿತು. ಸರೋವರದ ಆಚೆಕಡೆಯ ತಂಡದ ಅಭಿಮಾನಿಯೊಬ್ಬ ಬಸ್ ಸ್ಟಾಪಿನಲ್ಲಿ ಅವಳ ಕಾಲಿಗೆ ಬಿಸಿನೀರಿನ ಚೀಲ ಒತ್ತಲು ಬಂದಾಗ ಪೊಲೀಸರು ಅವನನ್ನು ಎಳೆದುಕೊಂಡು ಹೋದರು.

ಲೊರೆಟ್ಟಾ ಇದನ್ನೆಲ್ಲ ತಡೆದುಕೊಂಡಿದ್ದಳು. ತಡೆಯಲಾಗದ್ದು ಒಂದೇ. ಶುಭ ಶುಕ್ರವಾರ ಸಂತ ಹೆಡ್ವಿಗ್ ಚರ್ಚಿನಲ್ಲಿ ಶಿಲುಬೆಯನ್ನು ನೆಲದ ಮೇಲೆ ಮಲಗಿಸುತ್ತಾರೆ. ಜನ ಬಾಗಿಲಿನಿಂದ ಮಂಡಿಯ ಮೇಲೇ ತೆವಳಿಕೊಂಡು ಹೋಗಿ ಮುತ್ತಿಡುತ್ತಾರೆ. ಅಜ್ಜಿ ಹಾಗೆ ಹೋಗಿದ್ದಳು, ಅಮ್ಮ ಹಾಗೆ ಹೋಗಿದ್ದಳು. ಲೊರೆಟ್ಟಾ ಮಾತ್ರ ಈಗ ನಿಂತೇ ಹೋಗಿ, ಕೊಕ್ಕರೆ ಮೀನಿಗೆ ಬಗ್ಗಿದಂತೆ ಸೊಂಟದಿಂದ ಬಗ್ಗಿ, ಶಿಲುಬೆಗೆ ತುಟಿ ಮುಟ್ಟದೆ ಗಾಳಿಗೆ ಮುತ್ತಿಟ್ಟು ಬರುತ್ತಿದ್ದಳು. ಡಾಕ್ಟರ್ ಹೆಡ್ಲಂಡ್ ಸ್ಪಷ್ಟವಾಗಿ ಹೇಳಿದ್ದ: ಈಸ್ಟರ್ ಕಳೆದ ಕೂಡಲೇ ಕೀಲು ಬದಲಾಯಿಸಿದರೆ ಮುಂದಿನ ವರ್ಷ ಮಂಡಿಯೂರಬಹುದು, ಇನ್ನೂ ಒಂದು ವರ್ಷ ಕಳೆದರೆ ಆ ಆಸೆ ಬಿಟ್ಟುಬಿಡಿ. ಅವಳು ಒಪ್ಪಿ ಬಂದಿದ್ದಳು. ವೇಡ್ ಈ ಸಲ ನಿಲ್ಲಿಸುತ್ತಾನೆ ಅಂದುಕೊಂಡಿದ್ದಳು.

ಟೀವಿ ಆರಿಸುವಷ್ಟರಲ್ಲಿ ಮೈದುನ ಸ್ಟ್ಯಾಷ್ ಹ್ಯಾಮರ್ಸ್ ಟೊಪ್ಪಿಗೆ ಹಾಕಿಕೊಂಡು ಬಾಗಿಲು ತಳ್ಳಿ ಬಂದ.

“ಅತ್ತಿಗೇ, ಕೇಳಿದ್ರಾ? ಇನ್ನೊಂದು ವರ್ಷ! ಎಲ್ಲಿ, ಕಾಲು ತೋರ್ಸಿ. ಆಹಾ, ಕುಂಬಳಕಾಯಿ ಇದ್ದ ಹಾಗಿದೆ. ನೀವು ನೂರು ವರ್ಷ ಹಿಂಗೇ ಇರಬೇಕು.”

“ಸ್ಟ್ಯಾಷ್, ಆಪರೇಷನ್ ಮಾಡಿಸ್ಕೋತಿದ್ದೀನಿ.”

ಅವನು ಟೊಪ್ಪಿಗೆ ತೆಗೆದು ಎದೆಗೆ ಒತ್ತಿಕೊಂಡ, ಯಾರೋ ಸತ್ತ ಸುದ್ದಿ ಕೇಳಿದವನ ಹಾಗೆ. “ಯಾವ ಡಾಕ್ಟ್ರು?”

“ಹೆಡ್ಲಂಡ್.”

“ಅವನು ಆಚೆಕಡೆಯೋನು! ಅವನಪ್ಪನ ಕಾರಿಗೆ ಆಚೆಕಡೆ ತಂಡದ ಬಾವುಟ ಇತ್ತಂತೆ! ಅತ್ತಿಗೆ, ನಿಮ್ಮ ಕಾಲಲ್ಲ ಅವನಿಗೆ ಬೇಕಾಗಿರೋದು, ವೇಡ್ ಕಾಲು!”

“ನಂಗೆ ಬೇಕಾಗಿರೋದು ನನ್ನ ಕಾಲು ಕಣೋ.”

“ಅಣ್ಣ ಬದುಕಿದ್ದಿದ್ರೆ ಏನನ್ನೋನು?”

“ನಿಮ್ಮಣ್ಣ ಸಾಯೋವಾಗ್ಲೂ ಸ್ಕೋರ್ ಕೇಳಿದ. ಅವನ ಮಾತು ಎತ್ತಬೇಡ.”

ಮಾರನೆಯ ದಿನ ಫಾದರ್ ಲಿಪಿನ್ಸ್ಕಿ ಬಂದರು. ಕಾಫಿ ಕುಡಿದು, ಕೇಕು ತಿಂದು, ತುಟಿ ಒರೆಸಿಕೊಂಡು, “ಇದೆಲ್ಲ ಬರೀ ಮೂಢನಂಬಿಕೆ ಲೊರೆಟ್ಟಾ. ಒಬ್ಬರ ಮಂಡಿಯಿಂದ ಇನ್ನೊಬ್ಬರ ಮಂಡಿಗೆ ಏನೂ ಹೋಗಲ್ಲ, ಚರ್ಚು ಇದನ್ನ ಒಪ್ಪಲ್ಲ” ಅಂದರು.

“ಹಾಗಾದ್ರೆ ಮಾಡಿಸ್ಕೋಬಹುದಾ ಫಾದರ್?”

ಫಾದರ್ ಕಿಟಕಿಯ ಕಡೆ ನೋಡಿದರು. “ಮಾಡಿಸ್ಕೋಬಹುದು. ಖಂಡಿತ ಮಾಡಿಸ್ಕೋಬಹುದು. ಮುಂದಿನ ವರ್ಷ ಫೆಬ್ರವರಿ ಫೈನಲ್ ಕಳೀಲಿ.”

ಲೊರೆಟ್ಟಾ ಎರಡು ದಿನ ಯೋಚಿಸಿದಳು. ಕೊನೆಗೆ, ಯಾರ ಕಾಲಿಗಾಗಿ ಇಷ್ಟೆಲ್ಲ ಆಗುತ್ತಿದೆಯೋ ಅವನನ್ನೇ ಕೇಳಿಬಿಡುವುದು ನ್ಯಾಯ ಅನ್ನಿಸಿತು. ಅವನು ಹೂಂ ಅಂದರೆ ಊರು ಬಾಯಿ ಮುಚ್ಚುತ್ತದೆ. ಬೇಡ ಅಂದರೆ? ಬೇಡ ಅಂದರೆ ಬಹುಶಃ ತಾನು ಬಿಟ್ಟುಕೊಟ್ಟೇನು ಎಂದು ಅವಳಿಗೇ ಭಯವಿತ್ತು. ಅವನು ಕೇಳಿ ಅವಳು ಕೊಡದೇ ಇರುವಂಥದ್ದು ಯಾವುದೂ ಅವಳ ಮನೆಯಲ್ಲಿರಲಿಲ್ಲ.

ತಪಸ್ಸುಕಾಲದ ಶುಕ್ರವಾರಗಳಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಮೀನೂಟ. ವರ್ಷಕ್ಕೊಂದು ಶುಕ್ರವಾರ ವೇಡ್ ಬರುವುದು ವಾಡಿಕೆ. ಆ ದಿನ ಕರಿದ ಮೀನಿನ ಹೊಗೆಯ ನಡುವೆ ಅವನು ಮೆಟ್ಟಿಲಿಳಿದು ಬಂದಾಗ ಎಲ್ಲರೂ ಎದ್ದು ನಿಂತರು. ಹತ್ತಿರದಿಂದ ನೋಡಿದರೆ ಅವನು ಒಂದು ಮುರುಕು ಬೀರುವಿನಂತಿದ್ದ. ತಿರುಗಬೇಕಾದರೆ ಇಡೀ ಮೈ ತಿರುಗಬೇಕು, ಕುತ್ತಿಗೆ ಒಂದೇ ತಿರುಗದು. ತಟ್ಟೆಯಲ್ಲಿ ಮೀನು, ಕೋಸಿನ ಸಲಾಡು, ಆಲೂಗಡ್ಡೆ ತುಂಬಿದ ಪಿರೋಗಿ ಕಡುಬು ಹಿಡಿದು ನೇರ ಲೊರೆಟ್ಟಾಳ ಮೇಜಿಗೇ ಬಂದ.

“ಕೂರಬಹುದಾ ಅಮ್ಮಾ?”

ಅವನು ಎಡಗಾಲು, ಅವಳು ಬಲಗಾಲು ಹೊರಗೆ ಚಾಚಿ ಎದುರುಬದುರು ಕೂತರು. ಬಡಿಸುವವರು ಮಾತಿಲ್ಲದೆ ಎರಡನ್ನೂ ದಾಟಿಕೊಂಡು ಓಡಾಡಿದರು. ಸ್ಟ್ಯಾಷ್ ಸಾಸಿನ ಬಾಟಲಿ ಹಿಡಿದು ಪಕ್ಕದಲ್ಲೇ ಕಂಬದಂತೆ ನಿಂತ.

ವಿಷಯಕ್ಕೆ ಬರುವ ಧೈರ್ಯ ಸಾಲದೆ ಲೊರೆಟ್ಟಾ ಬೇರೇನೋ ಕೇಳಿದಳು. “ನಿನ್ನ ಕೆಡವಿದ ಹುಡುಗರ ಕಿವೀಲಿ ಏನು ಹೇಳ್ತೀಯಪ್ಪಾ?”

“ಹೆಸರು ಕೇಳ್ತೀನಮ್ಮ. ಈಗಿನೋರು ಒಬ್ರೂ ಪರಿಚಯ ಇಲ್ಲ. ಹೋದ ಸಲ ಒಬ್ಬ, ‘ನಮ್ಮಪ್ಪನ್ನೂ ನೀವು ಹಿಂಗೇ ಕೇಳಿದ್ರಂತೆ ಸಾರ್’ ಅಂದ.”

ಅವಳು ನಕ್ಕಳು. ನಗು ಮುಗಿಯುವ ಮೊದಲೇ ಹೇಳಿಬಿಟ್ಟಳು. “ಈಸ್ಟರ್ ಆದ್ಮೇಲೆ ಮಂಡಿ ಆಪರೇಷನ್ ಮಾಡಿಸ್ಕೋತೀನಿ. ನೀನು ಬೇಜಾರು ಮಾಡ್ಕೋಬಾರ್ದು.”

ವೇಡನ ಫೋರ್ಕು ತಟ್ಟೆಗೆ ಬಿತ್ತು. ಅಷ್ಟು ದೊಡ್ಡ ಗಂಡಸಿನ ಮುಖ ಕತ್ತಲೆಗೆ ಹೆದರಿದ ಮಗುವಿನದಾಯಿತು. ಲೊರೆಟ್ಟಾ ಇದನ್ನು ನಿರೀಕ್ಷಿಸಿರಲಿಲ್ಲ. ಇವನು ನಕ್ಕು, ‘ಜನರ ಮಾತು ಕಟ್ಟಿಕೊಂಡು ಏನು ಮಾಡ್ತೀರಿ’ ಅನ್ನುತ್ತಾನೆ ಅಂದುಕೊಂಡಿದ್ದಳು.

“ಅಮ್ಮಾ, ಕೇಳಿ ಇಲ್ಲಿ,” ಅವನು ದನಿ ತಗ್ಗಿಸಿದ. ತಗ್ಗಿಸಿದ್ದಕ್ಕೇ ಇಡೀ ನೆಲಮಾಳಿಗೆ ಕಿವಿಯಾಯಿತು. “ನನ್ನ ಭುಜ ಕೋಟು ಹಾಕಕ್ಕೆ ಬಿಡಲ್ಲ. ಬೆನ್ನು ಮಲಗಕ್ಕೆ ಬಿಡಲ್ಲ. ಎಡಮಂಡಿ ಮಳೆ ಬರೋದನ್ನ ಒಂದು ದಿನ ಮುಂಚೇನೇ ಹೇಳುತ್ತೆ. ಬಲಮಂಡಿ ಮಾತ್ರ, ಆ ಹಿಮ ಬಿದ್ದ ದಿನದಿಂದ, ಕಾಲಲ್ಲಿ ಇದೆಯೋ ಇಲ್ವೋ ಅನ್ನೋ ಹಾಗಿದೆ. ಹದಿನೆಂಟರ ಹುಡುಗನ ಮಂಡಿ. ತಂಡದ ಡಾಕ್ಟ್ರು ಫೋಟೋ ತೆಗೆದು ನೋಡಿ ತಲೆ ಕೆರ್ಕೋತಾರೆ.”

“ನೋಡಿದ್ರಾ!” ಸ್ಟ್ಯಾಷ್ ಬಾಟಲಿ ಎತ್ತಿ ಕೂಗಿದ. “ಹೇಳಲಿಲ್ವಾ ನಾನು!” ಮೀನು ಕರಿಯುತ್ತಿದ್ದ ಫಾದರ್ ಲಿಪಿನ್ಸ್ಕಿ ಏಪ್ರನ್ನಿನ ಮೇಲೇ ಶಿಲುಬೆಯ ಗುರುತು ಹಾಕಿಕೊಂಡರು.

“ಒಂದೇ ವರ್ಷ ಅಮ್ಮಾ,” ಅಂದ ವೇಡ್.

ಲೊರೆಟ್ಟಾಳ ಮನಸ್ಸು ಬೆಣ್ಣೆಯಾಗುತ್ತಿತ್ತು. ಅವನ ಬೂದು ಗಡ್ಡ, ಹೊಲಿಗೆ ಬಿದ್ದ ಹುಬ್ಬು, ಡೊಂಕಾದ ಕಿರುಬೆರಳು ನೋಡಿದಳು. ಇಷ್ಟಾದ ಮೇಲೂ ಯಾಕೆ ಆಡುತ್ತಾನೆ ಇವನು?

“ಕೋಚು ನಿಂಗೆ ಬೆಂಚಲ್ಲಿ ಕೂರು ಅಂದ್ರಂತಲ್ಲ. ಹೊಸ ಹುಡುಗ ಆಡ್ಲಿ ಅಂತ.”

“ಅಂದ್ರು. ಆಗಲ್ಲ ಅಂದೆ.”

“ಯಾಕಪ್ಪಾ?”

“ಏನಂತ ಹೇಳ್ಲಿ? ಬೆಳಗಾಗೆದ್ರೆ ನಂಗೆ ಮಾಡಕ್ಕೆ ಗೊತ್ತಿರೋದು ಅದೊಂದೇ. ಮೈಲಿ ಆಗೋ ತನಕ ಮಾಡೋಣ ಅಂತ. ಕೂತ್ಕೊಂಡು ಬೇರೆಯೋರು ಮಾಡೋದನ್ನ ನೋಡೋಕೆ ನನ್ನ ಕೈಲಾಗಲ್ಲ.”

ಅವಳು ತಲೆಯಾಡಿಸಿದಳು. ಚರ್ಚಿನ ಬೆಂಚಿನಲ್ಲಿ ಕೂತು ಬೇರೆಯವರು ಶಿಲುಬೆಯತ್ತ ತೆವಳಿಕೊಂಡು ಹೋಗುವುದನ್ನು ನೋಡುವುದು ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅವಳು ತಲೆಯಾಡಿಸಿದ್ದನ್ನು ವೇಡ್ ತಪ್ಪು ತಿಳಿದ. ಇನ್ನು ಸ್ವಲ್ಪ ಒತ್ತಿದರೆ ಒಪ್ಪುತ್ತಾಳೆ ಎಂದುಕೊಂಡನೋ ಏನೋ, ಮೇಜು ಹಿಡಿದು ಎದ್ದ. ಎದ್ದು, ಎಲ್ಲರೆದುರಿಗೆ, ಯಾರೋ ಚೆಲ್ಲಿದ ಸಲಾಡಿನ ಪಕ್ಕದಲ್ಲೇ ಅವಳ ಮುಂದೆ ಮಂಡಿಯೂರಿದ. ಬಲಮಂಡಿ. ನೆಲಮಾಳಿಗೆಯ ಹೆಂಗಸರು ಕಣ್ಣೊರೆಸಿಕೊಂಡರು. ಸ್ಟ್ಯಾಷ್ ಬಿಕ್ಕಿದ.

ಲೊರೆಟ್ಟಾ ನೋಡಿದ್ದು ಆ ಮಂಡಿಯನ್ನು. ಕಟಕಟ ಅನ್ನಲಿಲ್ಲ, ನಡುಗಲಿಲ್ಲ; ಎಣ್ಣೆ ಹಾಕಿದ ಬಾಗಿಲಿನಂತೆ ಮಡಿಸಿ, ಹಕ್ಕಿ ಕೂತಷ್ಟು ಹಗುರವಾಗಿ ನೆಲ ಮುಟ್ಟಿತು. ಎಷ್ಟು ಚೆಂದ ಊರಿದ! ಅಜ್ಜಿ ಹೀಗೇ ಊರುತ್ತಿದ್ದಳು. ಅವಳ ಬಾಯಲ್ಲಿ ನೀರೂರಿತು, ಹಸಿದವಳು ಬೇರೆಯವರ ತಟ್ಟೆ ನೋಡಿದ ಹಾಗೆ.

“ಅಮ್ಮಾ, ಒಂದೇ ಒಂದು ವರ್ಷ ಇಟ್ಕೊಳ್ಳಿ ಆ ನೋವು. ಕೈಮುಗೀತೀನಿ.”

ಅವಳು ಅವನ ಕೆನ್ನೆ ಮುಟ್ಟಿದಳು.

“ಆಗಲ್ಲ ಮಗಾ,” ಅಂದಳು.