ಬೂದಿಗೆರೆಯಲ್ಲಿ ಬೆರಳು ಹುಡುಕಿದ್ದು

ಪಿಳ್ಳಮ್ಮನ ಮೊಮ್ಮಗನ ಹೆಂಡತಿ ಮುನಿವೆಂಕಟಮ್ಮ ಹೆತ್ತ ಹೆಣ್ಣುಕೂಸಿಗೆ ಬಲಗೈಯ ಕೊನೆಯ ಎರಡು ಬೆರಳು ಮೋಟಾಗಿದ್ದವು. ಅಷ್ಟಕ್ಕೇ ಬೂದಿಗೆರೆಗೆ ಪೊಲೀಸ್ ದಫೇದಾರ ಬಂದಿಳಿದ. ಯುದ್ಧಕಾಲ, ಸೀಮೆಎಣ್ಣೆ ಕೇಳಿದರೆ ಇಲ್ಲ ಅನ್ನುತ್ತಿದ್ದ ಸರ್ಕಾರ, ಕೂಸಿನ ಬೆರಳು ವಿಚಾರಿಸಲು ಮಾತ್ರ ಸೈಕಲ್ ಕೊಟ್ಟು, ಕ್ಯಾರಿಯರ್ ಮೇಲೆ ಒಬ್ಬ ಡಾಕ್ಟರನ್ನೂ ಕೂರಿಸಿ ಕಳಿಸಿತ್ತು.

ಆ ಮನೆತನದಲ್ಲಿ ಹಿಂದೆ, ಮಗಳ ಕಿವಿ ಚುಚ್ಚಿಸುವ ಮೊದಲು ತಾಯಿಯ ಇದೇ ಎರಡು ಬೆರಳ ತುದಿ ಕೊಯ್ದು ದೇವರಿಗೆ ಒಪ್ಪಿಸುತ್ತಿದ್ದರು. ಸರ್ಕಾರ ಅದನ್ನು ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಕೊಯ್ಯಿಸಿಕೊಂಡವರಲ್ಲಿ ಉಳಿದಿದ್ದವಳು ಪಿಳ್ಳಮ್ಮ ಒಬ್ಬಳೇ. ಬೆರಳು ಕೊಡುತ್ತಿದ್ದವಳು ತಾಯಿ, ಕೂಸಲ್ಲ. ಅಷ್ಟು ಸೂಕ್ಷ್ಮ ದಫೇದಾರನ ತಲೆಗೆ ಎಲ್ಲಿಂದ ಹೋಗಬೇಕು?

"ಕದ್ದು ಮತ್ತೆ ಶುರು ಹಚ್ಕೊಂಡಿದ್ದೀರಾ. ತಾಯೀನ ಠಾಣೆಗೆ ಕರ್ಕೊಂಡ್ ಹೋಗ್ತೀನಿ," ಅಂದ.

ಪಿಳ್ಳಮ್ಮನಿಗೆ ಜೀವ ಬಾಯಿಗೆ ಬಂತು. ಹಸಿ ಬಾಣಂತಿಯನ್ನು ಠಾಣೆಯಲ್ಲಿ ಕೂರಿಸಿದರೆ ಉಳಿಯುತ್ತಾಳೆಯೇ? "ಹುಟ್ಟಿದ್ದೇ ಹಂಗೆ ಸಾಮಿ. ಯಾರೂ ಕೊಯ್ದಿಲ್ಲ."

"ಕೊಯ್ದಿಲ್ಲ ಅಂದ್ರೆ ತುಂಡು ತೋರ್ಸಿ."

"ಕೊಯ್ದಿದ್ರೆ ತಾನೇ ತುಂಡು?"

"ಹಂಗಾದ್ರೆ ಬಚ್ಚಿಟ್ಟಿದ್ದೀರಿ ಅಂತ್ಲೇ."

ಗುದ್ದಲಿ ಇಸ್ಕೊಂಡು ತಾನೇ ತಿಪ್ಪೆ ಕೆದಕಿದ. ಒಲೆಯ ಬೂದಿ ಜರಡಿ ಹಿಡಿಸಿದ, ರಾಗಿ ತುಂಬಿದ ಮಣ್ಣಿನ ವಾಡೆ ಬರಿದು ಮಾಡಿಸಿದ. ಒಂದು ಮುರುಕು ಬಾಚಣಿಗೆ ಸಿಕ್ಕಿತು. ಅದನ್ನೂ ಕಾಗದದಲ್ಲಿ ಸುತ್ತಿ ಜೇಬಿಗಿಳಿಸಿದ.

ಡಾಕ್ಟರು ಜಗಲಿಯಲ್ಲಿ ಟೇಪು ಹಿಡಿದು ಕೂಸಿನ ಕೈ ಅಳೆಯುತ್ತಿದ್ದರು. ಹುಟ್ಟು ಊನಕ್ಕೆ ಅವರ ಬಳಿ ಇದ್ದದ್ದು ಮೂರೇ ದರ್ಜೆ: ಅಲ್ಪ, ಮಧ್ಯಮ, ತೀವ್ರ.

"ಕೊನೇಪಕ್ಷ ಮಧ್ಯಮ ಅನ್ನಿ ಸಾರ್, ದೇವನಹಳ್ಳಿಯಿಂದ ತುಳ್ಕೊಂಡ್ ಬಂದಿದ್ದೀನಿ," ಅಂತ ದಫೇದಾರ ತಿಪ್ಪೆಯ ಮೇಲಿಂದಲೇ ಚೌಕಾಸಿಗಿಳಿದ.

ಪಿಳ್ಳಮ್ಮನಿಗೆ ರೇಗಿಹೋಯಿತು. ಯಾವಾಗಲೂ ಸೆರಗಿನೊಳಗೆ ಮುಚ್ಚಿಡುತ್ತಿದ್ದ ಬಲಗೈ ತೆಗೆದು ಕೂಸಿನ ಕೈ ಪಕ್ಕ ಇಟ್ಟಳು. "ಕೊಯ್ದಿದ್ದು ಅಂದ್ರೆ ಹಿಂಗಿರ್ತೈತೆ. ನೋಡ್ಕೊಳ್ಳಿ."

ಡಾಕ್ಟರು ಬಗ್ಗಿದರು. ಮುದುಕಿಯ ಬೆರಳ ತುದಿಯಲ್ಲಿ ಹಳೇ ಗಾಯದ ಕಲೆ. ಕೂಸಿನದರ ತುದಿಯಲ್ಲಿ ರಾಗಿಕಾಳಿನಷ್ಟು ಉಗುರು.

"ಇದು ಹುಟ್ಟಿನಿಂದಲೇ ಬಂದದ್ದು. ಅಲ್ಪ. ಈ ಕೈ ಎಲ್ಲಾ ಕೆಲಸಕ್ಕೂ ಆಗುತ್ತೆ," ಅಂದರು. ಮುನಿವೆಂಕಟಮ್ಮ ಕೂಸನ್ನು ಅವಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಪಿಳ್ಳಮ್ಮ ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ. "ನಂದು ಯಾವ ದರ್ಜೆ ಸಾಮಿ?"

"ನಿಮ್ಮದು ಹುಟ್ಟಿನದಲ್ಲವಲ್ಲ ಅಜ್ಜಿ. ಲೆಕ್ಕಕ್ಕೆ ಬರಲ್ಲ."

ಇಷ್ಟು ಕಾಲ ನುಂಗಿಕೊಂಡಿದ್ದ ಸಂಕಟವೆಲ್ಲ ಒತ್ತರಿಸಿಕೊಂಡು ಬಂತು. ಪಿಳ್ಳಮ್ಮ ಜಗಲಿ ಇಳಿದು, ಇನ್ನೂ ಗುದ್ದಲಿ ಹಿಡಿದೇ ನಿಂತಿದ್ದ ದಫೇದಾರನ ಮುಂದೆ ಅದೇ ಕೈ ಒಡ್ಡಿದಳು.

"ಇಲ್ದೇ ಇರೋ ತುಂಡು ಅಷ್ಟೊತ್ತು ಹುಡುಕ್ದಲ್ಲಪ್ಪಾ. ಆಚಾರಿ ಉಳೀಲಿ ಹೊಡ್ದಾಗ ನಂದು ಎರಡು ಇಲ್ಲೇ ಎಲ್ಲೋ ಬಿದ್ದೋ. ಅವನ್ನೂ ಹುಡುಕ್ಕೊಡು."

ದಫೇದಾರ ಗುದ್ದಲಿ ಕೆಳಗಿಟ್ಟು, ಸೈಕಲ್ಲಿನ ಗಾಳಿ ನೋಡತೊಡಗಿದ.