ರೊಟ್ಟಿಗೆ ನಿಂತ ಬೆಲ್ಟು

ಕಸದ ಬೆಲ್ಟು ಶುರುವಾಗುವ ಮುಂಚೆಯೇ ಬುರುಲ್ ತನ್ನ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಒಂದೇ ಮಾತು ಹೇಳಿದಳು.

"ಲೋಡು ಮುಗಿಯೋವರ್ಗೂ ಬೆಲ್ಟು ನಿಲ್ಸೋ ಆ ಕೆಂಪು ಗುಂಡಿ ಮುಟ್ಟೋ ಹಾಗಿಲ್ಲ. ಮೈ ತುರಿಸಿದ್ರೂ ಇಲ್ಲ, ಕಣ್ಣಿಗೆ ಧೂಳು ಬಿದ್ರೂ ಇಲ್ಲ. ತಿಳೀತಾ?"

"ರೊಟ್ಟಿ ಬಂದ್ರೆ?" ಗುಂಪಿಗೆಲ್ಲ ಹಿರಿಯಳಾದ ಬಾತ್ಮಾ ಅಪಾ ಕೇಳಿದಳು.

"ಬಂದ್ರೂ ಇಲ್ಲ ಅಪಾ. ಇವತ್ತೊಂದಿನ."

ಮುದುಕಿ ಕೈಗವಸು ಎಳೆದುಕೊಳ್ಳುತ್ತಾ ಗೊಣಗಿದಳು. "ಇವತ್ತೊಂದಿನ ಅಂತ ದೇವ್ರಿಗೂ ಹೇಳ್ಬಿಡು ಮಗಳೇ, ಅವನೂ ರಜ ಹಾಕ್ಲಿ."

ಯಾರೂ ನಗಲಿಲ್ಲ. ನಗುವ ದಿನವಾಗಿರಲಿಲ್ಲ ಅದು. ಬಿಷ್ಕೆಕ್ ನಗರದಾಚೆಯ ಕಸದ ಗುಡ್ಡದ ಮೇಲೆ, ಆ ಹಾಳು ಹೊಗೆಯಲ್ಲಿ, ಬಾಟಲಿ ಆಯ್ದು ದಲ್ಲಾಳಿ ಕೊಟ್ಟಷ್ಟಕ್ಕೆ ಕೈಯೊಡ್ಡಿ ಬದುಕಿದ ಹೆಂಗಸರು ಇವರು. ಈಗ ಗುಡ್ಡಕ್ಕೆ ಮಣ್ಣು ಮುಚ್ಚಿಯಾಗಿತ್ತು. ಬ್ಯಾಂಕಿನ ಸಾಲದಲ್ಲಿ ಕಂಪನಿ ಶೆಡ್ಡು ಕಟ್ಟಿಸಿ, ಕಸ ಬೇರ್ಪಡಿಸುವ ಬೆಲ್ಟು ಹಾಕಿಸಿತ್ತು. ಸಾಲಕ್ಕೆ ಬ್ಯಾಂಕು ಇಟ್ಟ ಷರತ್ತು ಒಂದೇ: ಇಷ್ಟು ವರ್ಷ ಆಯ್ದವರಿಗೇ ಕೆಲಸ, ತಿಂಗಳ ಸಂಬಳ, ಕಾಯಿಲೆ ಬಿದ್ದರೆ ಔಷಧಿ.

ಆ ಷರತ್ತು ಮ್ಯಾನೇಜರ್ ಎರ್ಕಿನ್‌ಗೆ ಗಂಟಲಿಗೆ ಸಿಕ್ಕ ಮುಳ್ಳಾಗಿತ್ತು. ಅವನಿಗೆ ಬೇಕಾಗಿದ್ದದ್ದು ತನ್ನ ಗುತ್ತಿಗೆದಾರನ ಅಗ್ಗದ ಆಳುಗಳು. ಕಸದ ಗುಡ್ಡದವರಿಗೆ ಯಂತ್ರದ ಕೆಲಸ ಬರುವುದಿಲ್ಲ ಎಂದು ಬ್ಯಾಂಕಿನವರ ಕಿವಿ ಕಚ್ಚಿ ಕಚ್ಚಿ ಕೊನೆಗೂ ಈ ಪರೀಕ್ಷೆ ಇಡಿಸಿದ್ದ. ಬೆಲ್ಟು ನಿಲ್ಲಿಸದೆ ಒಂದು ಲೋಡು ಮುಗಿಸಬೇಕು. ನಿಲ್ಲಿಸಿದರೆ ಷರತ್ತು ರದ್ದು. ನಾಳೆಯಿಂದ ಇವರಿಗೆ ಗೇಟಿನೊಳಗೂ ಪ್ರವೇಶವಿಲ್ಲ, ಹಿಂತಿರುಗಲು ಗುಡ್ಡವೂ ಇಲ್ಲ.

ಬ್ಯಾಂಕಿನ ಚೋಲ್ಪನ್ ಎಂಬಾಕೆ ಗೋಡೆಗೊರಗಿ ನಿಂತು ಸುಮ್ಮನೆ ನೋಡುತ್ತಿದ್ದಳು. ಬೆಲ್ಟು ಗುರುಗುಟ್ಟುತ್ತಾ ಹೊರಟಿತು. ಬಾಟಲಿ, ರಟ್ಟು, ಡಬ್ಬಿ. ಹೆಂಗಸರ ಕೈಗಳು ಕಣ್ಣಿಗಿಂತ ಮೊದಲು ಓಡುತ್ತಿದ್ದವು. ಅರ್ಧ ಲೋಡು ಕಳೆಯಿತು. ಬುರುಲ್‌ಗೆ ಉಸಿರು ಸ್ವಲ್ಪ ಹಗುರಾಯಿತು.

ಆಗ ಬಂತು ರೊಟ್ಟಿ.

ಒಂದಲ್ಲ, ರಾಶಿ ರಾಶಿ. ಮಧ್ಯೆ ಅಚ್ಚೊತ್ತಿದ ದುಂಡು ರೊಟ್ಟಿಗಳು, ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡು ಬೋರ್ಸೋಕ್, ಇನ್ನೂ ಮೆತ್ತಗಿದ್ದಂಥವು. ಮದುವೆ ಛತ್ರದ್ದು ಎಂದು ನೋಡಿದರೇ ಗೊತ್ತಾಗುತ್ತಿತ್ತು. ಛತ್ರದ ರೊಟ್ಟಿ ಎಂದೂ ಕಸಕ್ಕೆ ಬಂದದ್ದಿಲ್ಲ. ದನ ಸಾಕುವವರು ಅದನ್ನು ಛತ್ರದ ಬಾಗಿಲಿಂದಲೇ ಒಯ್ಯುತ್ತಾರೆ. ಗುಡ್ಡದಲ್ಲಿ ಒಂದು ಒಣ ಚೂರು ಸಿಕ್ಕರೂ ಇವರು ಬಾಗಿ ಎತ್ತಿ, ಹಣೆಗೊತ್ತಿಕೊಂಡು, ಎತ್ತರದಲ್ಲಿ ಕಟ್ಟಿದ ಚೀಲಕ್ಕೆ ಹಾಕುತ್ತಿದ್ದರು. ಇದು ಆ ರೂಢಿ ಬಲ್ಲವನೇ ಮಾಡಿದ ಕೆಲಸ. ಬುರುಲ್ ತಲೆಯೆತ್ತಿ ಎರ್ಕಿನ್ ಕಡೆ ನೋಡಿದಳು. ಅವನು ಛಾವಣಿ ನೋಡುತ್ತಿದ್ದ.

ಹೆಂಗಸರು ಒಂದು ಕೈಲಿ ಬಾಟಲಿ, ಇನ್ನೊಂದು ಕೈಲಿ ರೊಟ್ಟಿ ಬಾಚತೊಡಗಿದರು. ಮಡಿಲು ತುಂಬಿತು, ಕಂಕುಳು ತುಂಬಿತು. "ಬುರುಲ್!" ಎಂದು ಬಾತ್ಮಾ ಅಪಾ ಕೂಗಿದಳು. ಬುರುಲ್ ತುಟಿ ಕಚ್ಚಿ ಬೇಡವೆಂದು ತಲೆ ಅಲ್ಲಾಡಿಸಿದಳು. ಅವಳ ಕಣ್ಣೆದುರೇ ಒಂದು ಇಡೀ ರೊಟ್ಟಿ ಬೆಲ್ಟಿನ ತುದಿಗೆ ಸಾಗಿ, ಮಕ್ಕಳ ಹೊಲಸು ಬಟ್ಟೆಯ ಜೊತೆ ಕೆಳಗಿನ ಹೊಂಡಕ್ಕೆ ಬಿತ್ತು. ಅದರ ಹಿಂದೆ ಇನ್ನೊಂದು ಹೊರಟಿತ್ತು.

ಬುರುಲ್ ಓಡಿಹೋಗಿ ಕೆಂಪು ಗುಂಡಿಯನ್ನು ಅಂಗೈಯಿಂದ ಗುದ್ದಿದಳು.

ಬೆಲ್ಟು ನಿಂತಿತು.

"ನೋಡಿದ್ರಾ ಎಜೆ?" ಚೋಲ್ಪನ್‌ಳನ್ನು ಅಕ್ಕ ಎಂದು ಕರೆದ ಎರ್ಕಿನ್‌ನ ಮುಖ ಅರಳಿತ್ತು. "ನಾನ್ ಹೇಳಿರ್ಲಿಲ್ವಾ? ದಿನಾ ಬರೋ ಕಸಾನೇ ಇದು. ಅದಕ್ಕೇ ಹೀಗಾದ್ರೆ ನಾಳೆ ಗತಿ?"

ಬುರುಲ್ ಒಂದು ರೊಟ್ಟಿಯ ಧೂಳು ಒರೆಸಿ, ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ನಿಂತಳು. "ಎರ್ಕಿನ್ ಬಾಯ್ಕೆ, ಅಣ್ಣಾ ಅಂತ ಕೇಳ್ತೀನಿ, ಇದನ್ನ ಹಿಡ್ಕೊಂಡು ಆ ಮಾತು ಹೇಳಿ. ಛತ್ರದ ಲೋಡು ನಾನ್ ತರಿಸಿದ್ದಲ್ಲ, ಸುಳ್ಳಾದ್ರೆ ಈ ರೊಟ್ಟಿ ನನ್ನ ಹೊಡೀಲಿ ಅಂತ ಹೇಳಿ."

ಎರ್ಕಿನ್ ಎರಡೂ ಕೈ ಜೇಬಿಗೆ ತುರುಕಿದ. "ಇದೆಲ್ಲ ಹಳ್ಳಿ ನಾಟಕ," ಎಂದ. ಕೈ ಮಾತ್ರ ಹೊರಗೆ ಬರಲಿಲ್ಲ. ಆ ಜೇಬನ್ನೇ ಚೋಲ್ಪನ್ ಬಹಳ ಹೊತ್ತು ನೋಡಿದಳು. ಅವಳೂ ಇದೇ ಮಣ್ಣಿನವಳು.

"ಇನ್ನೊಂದು ಲೋಡು ತರಿಸ್ತೀನಿ," ಎಂದಳು. "ಗೇಟಲ್ಲಿ ನಿಂತು ನಾನೇ ಆರಿಸ್ತೀನಿ."

ಎರ್ಕಿನ್ ಸೋಲುವ ಆಸಾಮಿಯಲ್ಲ. "ಅದರಲ್ಲೂ ಒಂದು ಚೂರು ಬಂದ್ರೆ? ಇವಳನ್ನೂ ಕೇಳಿ ಎಜೆ. ಅದೇ ರೊಟ್ಟಿ ಹಿಡ್ಕೊಂಡು ಹೇಳ್ಲಿ, ಬೆಲ್ಟು ನಿಲ್ಸಲ್ಲ ಅಂತ."

ರೊಟ್ಟಿ ಇದ್ದದ್ದೇ ಬುರುಲ್ ಕೈಯಲ್ಲಿ. ಹೆಂಗಸರ ಕಣ್ಣೆಲ್ಲ ಅವಳ ಮೇಲೆ. 'ನಿಲ್ಸಲ್ಲ' ಎಂದು ಬಿಟ್ಟರೆ ಮುಗಿಯಿತು. ಮನೆಗಳಲ್ಲಿ ಒಲೆ ಉರಿಯುತ್ತದೆ. ಅವಳಿಗೆ ಅಳು ಬಂತು, ಸಿಟ್ಟೂ ಬಂತು.

"ನಿಲ್ಲಿಸ್ತೀನಿ," ಎಂದಳು. "ಇವತ್ತೂ ನಿಲ್ಲಿಸ್ತೀನಿ, ನಾಳೆನೂ. ಬೇರೆ ಏನ್ ಹೇಳ್ಕೊಟ್ರೂ ಕಲೀತೀವಿ. ಇದೊಂದು ನಮ್ ಕೈಲಾಗಲ್ಲ."

ಯಾರೋ ಹಿಂದೆ ಬಿಕ್ಕಿದರು. ಚೋಲ್ಪನ್ ಎರ್ಕಿನ್ ಕಡೆ ತಿರುಗಿದಳು.

"ಯಂತ್ರಕ್ಕೆ ಎಣ್ಣೆ ಬಿಡೋಕೆ ಬೆಲ್ಟು ನಿಲ್ಲಿಸ್ತೀರಾ?"

"ಹೂಂ, ನಿಲ್ಲಿಸ್ಲೇಬೇಕಲ್ಲ."

"ಆ ಹೊತ್ತಿನ ಸಂಬಳ ಮುರ್ಕೊಳ್ತೀರಾ?"

"ಅದ್ಹೇಗಾಗುತ್ತೆ?"

"ಹಾಗಾದ್ರೆ ಇದಕ್ಕೂ ಮುರ್ಕೊಳ್ಳೋ ಹಾಗಿಲ್ಲ. ಪರೀಕ್ಷೆಗೂ ಅದೇ ಮಾತು. ರೊಟ್ಟಿಗೆ ನಿಂತದ್ದು ನಿಂತದ್ದಲ್ಲ. ಒಪ್ಪಿಗೆ ಇಲ್ದಿದ್ರೆ ಹೇಳಿ, ಸಾಲದ ಉಳಿದ ಕಂತು ನಮ್ಮಲ್ಲೇ ಇದೆ."

ಎರ್ಕಿನ್ ದಾರಿ ಬಿಟ್ಟು ಪಕ್ಕಕ್ಕೆ ಸರಿದ.

ಚೋಲ್ಪನ್ ಆರಿಸಿದ ಲೋಡು ಬಂತು. ಬೆಲ್ಟು ಎರಡು ಸಲ ನಿಂತಿತು, ಎರಡೂ ಸಲ ಒಣ ಚೂರುಗಳಿಗೆ. ಬಿಸಿಲು ಇಳಿಯುವ ಮುಂಚೆ ಕೊನೆಯ ಡಬ್ಬಿಯೂ ಬೇರೆಯಾಯಿತು. ಚೋಲ್ಪನ್ ಒಬ್ಬೊಬ್ಬರ ಕೈ ಕುಲುಕಿ "ನಾಳೆ ಬೆಳಿಗ್ಗೆ ಕೆಲಸಕ್ಕೆ ಬನ್ನಿ" ಎಂದಾಗ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡು ಗೋಳೋ ಎಂದು ಅತ್ತರು.

"ಅಳೋ ಹೊತ್ತಿಗೂ ಸಂಬಳ ಇದ್ಯಾ ಕೇಳಿ," ಎಂದಳು ಬಾತ್ಮಾ ಅಪಾ. ಈಗ ಎಲ್ಲರೂ ನಕ್ಕರು. ಆಮೇಲೆ ಮುದುಕಿ ಸುತ್ತ ನೋಡಿದಳು. "ಬುರುಲ್ ಎಲ್ಲಿ?"

ಬುರುಲ್ ಬೆಲ್ಟಿನ ತುದಿಯ ಹೊಂಡಕ್ಕೆ ಇಳಿದಿದ್ದಳು. ಮೊಣಕಾಲುದ್ದ ಹೊಲಸಿನಲ್ಲಿ ನಿಂತು, ಗವಸು ಕಳಚಿಟ್ಟು, ಬರಿಗೈಯಲ್ಲಿ ತಡಕುತ್ತಿದ್ದಳು.

"ಮೇಲ್ ಬಾರೇ, ಏನ್ ಹುಡುಕ್ತಿದೀಯ? ಎಲ್ಲಾ ಆಯ್ತಲ್ಲ."

"ಒಂದು ಬಿಟ್ಬಿಟ್ಟಿದ್ದೆ ಅಪಾ," ಎಂದಳು ಬುರುಲ್, ತಲೆಯೆತ್ತದೆ.