ರಾಜು ಅಳಬಾರದೆಂದು

ನಾಯಿಮರಿ ಸಾಕುವುದೇನು ಮಹಾ, ಮಗುವಿಗಿಂತ ಸುಲಭ ಎಂದು ಹೇಳಿದವನು ಹಿತೇಶ್. ಬೇಲಾಪುರದ ಆಫೀಸಿನಲ್ಲಿ ನನ್ನ ಪಕ್ಕದ ಟೇಬಲ್ಲಿನವನು. ಖಾರಘರದಲ್ಲಿ ಅವನ ಬಿಲ್ಡಿಂಗಿನ ಕೆಳಗೆ ಬೀದಿನಾಯಿ ಹಾಕಿದ ಮರಿಗಳಲ್ಲಿ ಒಂದನ್ನು ರಟ್ಟಿನ ಡಬ್ಬದಲ್ಲಿಟ್ಟು ನನ್ನ ಕೈಗೆ ಕೊಟ್ಟ. ನನಗೋ ಚಿಕ್ಕಂದಿನಿಂದ ನಾಯಿಯ ಆಸೆ, ಸಾಕಿದ ಅನುಭವ ಮಾತ್ರ ಸೊನ್ನೆ. ಈಗ ದಿನವೂ ಅವನ ಪಕ್ಕದಲ್ಲೇ ಕೂರುತ್ತಿದ್ದೆ, ಆದರೆ ಬೈಯುವುದಕ್ಕೂ ಮೈಯಲ್ಲಿ ತ್ರಾಣ ಇರಲಿಲ್ಲ.

ಯಾಕೆಂದರೆ ಮರಿ ರಾತ್ರಿಯಿಡೀ ಅಳುತ್ತಿತ್ತು. ಸಣ್ಣ ಅಳುವಲ್ಲ, ಕತ್ತು ಹಿಸುಕಿದ ಹಾಗೆ. ಎತ್ತಿಕೊಂಡರೆ ಸುಮ್ಮನಾಗುತ್ತಿತ್ತು, ಕೆಳಗಿಟ್ಟರೆ ಮತ್ತೆ ಶುರು. ಕೆಳಗಿನ ಮನೆಯವರು ಒಮ್ಮೆ ಬಂದು ಬಾಗಿಲು ಬಡಿದರು. ನನ್ನ ಗಂಡ ಕೀರ್ತನ್ ಠಾಣೆ ಊರಿನ ಒಂದು ಹೋಟೆಲಿನಲ್ಲಿ ಕ್ಯಾಶ್ ಕೌಂಟರಿನವರು, ಎಲ್ಲರೂ ಮಲಗಿದ ಮೇಲೆ ಬಂದು ಹಾಸಿಗೆಗೆ ಬಿದ್ದರೆ ಸಿಡಿಲು ಬಡಿದರೂ ಏಳುವವರಲ್ಲ. ಹಾಗಾಗಿ ಆ ಅಳು ನನ್ನದೊಬ್ಬಳ ಪಾಲು. ಬೆಳಿಗ್ಗೆ ಡೊಂಬಿವಲಿಯಲ್ಲಿ ಲೋಕಲ್ ರೈಲು ಹತ್ತಿದರೆ ಠಾಣೆಯವರೆಗೆ ನಿಂತೇ ತೂಕಡಿಸುತ್ತಿದ್ದೆ. ಬೀಳುವುದಕ್ಕೂ ಜಾಗವಿಲ್ಲದ ಗರ್ದಿ, ಅದೊಂದು ಪುಣ್ಯ.

ಹಗಲು ಮರಿಯನ್ನು ನೋಡಿಕೊಳ್ಳುತ್ತಿದ್ದವರು ಅತ್ತೆ ಜಯಲತಾ. ನೋಡಿಕೊಳ್ಳುತ್ತಿದ್ದರು ಎನ್ನುವುದಕ್ಕಿಂತ ಬೈಯುತ್ತಿದ್ದರು ಎಂದರೆ ಸರಿ. "ನಮ್ಮ ಉಡುಪಿಯಲ್ಲಿ ನಾಯಿ ಅಂಗಳ ದಾಟಿ ಒಳಗೆ ಬಂದದ್ದುಂಟಾ ಮಾರಾಯ್ತಿ? ಇಲ್ಲಿ ದೇವರ ಎದುರೇ ಉಚ್ಚೆ ಹೊಯ್ದು ನನ್ನ ಮುಖ ನೋಡ್ತದೆ!" ಎಂದು ನಾನು ಚಪ್ಪಲಿ ಬಿಡುವ ಮೊದಲೇ ದೂರು. ಹೆಸರಿಟ್ಟದ್ದು ಮಾತ್ರ ಅವರೇ, ರಾಜು ಎಂದು. ಅದು ಹೆಣ್ಣು ಎಂದು ತೋರಿಸಿಕೊಟ್ಟ ಮೇಲೂ ರಾಜುವೇ.

ಆ ಗುರುವಾರ ಬೆಳಿಗ್ಗೆ ನನ್ನ ತಾಳ್ಮೆ ಕೆಟ್ಟಿತು. ಟಿಫಿನ್ ಡಬ್ಬಿ ತೆಗೆದುಕೊಳ್ಳುತ್ತ ಗಟ್ಟಿಯಾಗಿಯೇ ಹೇಳಿದೆ: "ಅತ್ತೆ, ಇವತ್ತೊಂದು ರಾತ್ರಿ ನೋಡ್ತೇನೆ. ಹೀಗೇ ಅತ್ತರೆ ಭಾನುವಾರ ಹಿತೇಶನಿಗೆ ವಾಪಸ್. ನನ್ನ ಕೈಲಾಗುವುದಿಲ್ಲ."

"ಕೊಡು, ಕೊಡು. ನನಗೂ ಒಂದು ಪೀಡೆ ತಪ್ಪಿತು," ಎಂದರು ಅತ್ತೆ, ಒಲೆಯ ಕಡೆಯಿಂದ ಮುಖ ತಿರುಗಿಸದೆ.

ಸಂಜೆ ಬಂದು ಬೆಲ್ ಒತ್ತಿದರೆ ದೂರಿಲ್ಲ, ಸದ್ದಿಲ್ಲ. ಅತ್ತೆ ಬಾಗಿಲು ತೆರೆದು ಪಕ್ಕಕ್ಕೆ ಸರಿದರು. ಮುಖ ಬಿಳಿಚಿಕೊಂಡಿತ್ತು. "ರಾಜು ಒಂಥರಾ ಮಾಡ್ತಾ ಉಂಟು," ಎಂದರು. ಮರಿ ನೆಲದ ಮೇಲೆ ಅಡ್ಡ ಬಿದ್ದಿತ್ತು. ಕಣ್ಣು ತೆರೆದೇ ಇತ್ತು, ನನ್ನನ್ನು ನೋಡುತ್ತಿರಲಿಲ್ಲ. ಬಾಯಿಂದ ಜೊಲ್ಲು, ಕಾಲು ಆಗಾಗ ಝಟ್ಟನೆ ಎಳೆದುಕೊಳ್ಳುತ್ತಿತ್ತು. ಎದೆಯ ಮೇಲೆ ಕೈಯಿಟ್ಟರೆ ಬಡಿತ ಎಣಿಸಲಾಗದಷ್ಟು ಜೋರು. ನನ್ನ ಸುಸ್ತೆಲ್ಲ ಎಲ್ಲಿ ಹೋಯಿತೋ ದೇವರೇ ಬಲ್ಲ. ಟವೆಲಿನಲ್ಲಿ ಸುತ್ತಿ ಎತ್ತಿಕೊಂಡು ಓಡಿದೆ. ಅತ್ತೆ ಬೀಗ ಹಾಕಿ ಹಿಂದೆಯೇ ಇಳಿದು ಬಂದು ರಿಕ್ಷಾ ಹತ್ತಿದರು.

ಪ್ರಾಣಿಗಳ ಡಾಕ್ಟರು ಮರಾಠಿ ಹೆಂಗಸು. ಮರಿಯ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, "ಕಾಯ್ ಖಾಲ್ಲಂ ಹಿನೆ?" ಎಂದರು. ಏನು ತಿಂದಿದೆ ಇದು?

"ಅನ್ನ, ಮೊಸರು. ಅಷ್ಟೇ," ಎಂದೆ.

"ಅಷ್ಟೇ ಅಲ್ಲ. ಫಿನಾಯಿಲ್, ಇಲಿ ಪಾಷಾಣ, ಏನಾದರೂ ಹೊಟ್ಟೆಗೆ ಹೋಗಿದೆ. ಏನೆಂದು ಗೊತ್ತಾಗದೆ ನಾನು ಏನಂತ ಔಷಧಿ ಕೊಡಲಿ?"

ನಾನು ಅತ್ತೆಯ ಕಡೆ ತಿರುಗಿದೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. ಅಲ್ಲಿಯೇ ನನಗೆ ಗೊತ್ತಾಯಿತು. "ಅತ್ತೆ, ಬಾಯಿ ಬಿಡಿ! ಅದು ಸಾಯ್ತಾ ಉಂಟು!" ಎಂದು ಕಿರುಚಿದೆ. ಬೆಂಚಿನ ಮೇಲೆ ಬೆಕ್ಕು ಹಿಡಿದು ಕೂತಿದ್ದವರೆಲ್ಲ ನೋಡಿದರು. ಅತ್ತೆಯ ಮೇಲೆ ನಾನು ಹಾಗೆ ಎಂದೂ ಕೂಗಾಡಿದ್ದಿಲ್ಲ.

"ಜಾಯಿಕಾಯಿ," ಎಂದರು.

ನಮ್ಮ ಕಡೆ ಕೂಸು ಅತ್ತು ಹಟ ಮಾಡಿದರೆ ಸಾಣೆಕಲ್ಲಿನ ಮೇಲೆ ಜಾಯಿಕಾಯಿಯನ್ನು ಹಾಲಿನಲ್ಲಿ ತೇದು ನಾಲಿಗೆಗೆ ಹಚ್ಚುತ್ತಾರೆ, ಕೂಸು ನಿದ್ದೆ ಹೋಗುತ್ತದೆ. "ಕೀರ್ತನ್‌ಗೂ ಹಾಗೇ ಕೊಟ್ಟದ್ದು. ಕೂಸಿಗಾದರೆ ಎರಡು ಸುತ್ತು ತೇದರೆ ಸಾಕು. ಇದಕ್ಕೆ ನಾಲ್ಕು ಕಾಲುಂಟಲ್ಲ, ನಿದ್ದೆ ಗಟ್ಟಿ ಬರಲಿ ಅಂತ ಸ್ವಲ್ಪ ಜಾಸ್ತಿ..." ನಾನು ಡಾಕ್ಟರಿಗೆ ಮರಾಠಿಯಲ್ಲಿ ಹೇಳಿದೆ. ಅವರು ಒಂದು ಕ್ಷಣ ಕಣ್ಣು ಮುಚ್ಚಿ ತೆರೆದರು. "ಆಜಿ, ಜಾಯಫಳ ನಾಯಿಗೆ ವಿಷ," ಎಂದಷ್ಟೇ ಹೇಳಿ ಸಲೈನ್ ಹಚ್ಚಲು ಎದ್ದರು.

ಹೊರಗೆ ಬೆಂಚಿನ ಮೇಲೆ ಕೂತೆವು. ನನಗೆ ಮೈಯೆಲ್ಲ ಉರಿಯುತ್ತಿತ್ತು. "ನಿಮಗೆ ಅದು ಬೇಡವಾಗಿತ್ತು, ಗೊತ್ತುಂಟು. ಹಾಗಂತ ಮದ್ದು ಹಾಕಿ ಮಲಗಿಸುವುದಾ? ಇನ್ನು ಮೇಲೆ ಅದನ್ನು ಮುಟ್ಟಬೇಡಿ," ಎಂದೆ. ಮನೆಯಲ್ಲಿ ಉಪ್ಪು ಒಂದು ಕಲ್ಲು ಹೆಚ್ಚಾಯಿತೆಂದರೂ ಮೂರು ದಿನ ಸಮರ್ಥಿಸಿಕೊಳ್ಳುವ ಹೆಂಗಸು ತಲೆ ತಗ್ಗಿಸಿ ಕೂತಿದ್ದರು. ನಾನು ಗೋಡೆಗೆ ಒರಗಿದೆ. ಕಣ್ಣು ಮುಚ್ಚಲು ಹೆದರಿಕೆಯಾಯಿತು.

ಬಹಳ ಹೊತ್ತಿನ ಮೇಲೆ ಡಾಕ್ಟರು ಕರೆದರು. ಬಡಿತ ಇಳಿದಿತ್ತು, ಮರಿ ತಲೆ ಎತ್ತಿ ನನ್ನ ಬೆರಳು ನೆಕ್ಕಿತು. ಬದುಕುತ್ತದೆ, ನಾಳೆ ಮತ್ತೆ ತನ್ನಿ ಎಂದರು. ನಾನು ಅಳುತ್ತಲೇ ತಲೆ ಆಡಿಸಿದೆ.

ರಿಕ್ಷಾದಲ್ಲಿ ಮರಿ ನನ್ನ ಮಡಿಲಲ್ಲಿತ್ತು. ಒಂದು ತಿರುವಿನಲ್ಲಿ ಕುಲುಕಾಡಿದ್ದೇ ತಡ, ಅದೇ ಕತ್ತು ಹಿಸುಕಿದ ಅಳು ಶುರು ಮಾಡಿತು. ಅತ್ತೆ ಬೆಚ್ಚಿಬಿದ್ದರು. ಮುಟ್ಟಬೇಡಿ ಎಂದದ್ದನ್ನೂ ಮರೆತು ಮರಿಯನ್ನು ಎಳೆದುಕೊಂಡು ಸೆರಗಿನೊಳಗೆ ಹಾಕಿ, ಅದರ ಬಾಯಿಗೆ ಅಂಗೈ ಒತ್ತಿ, ನನ್ನ ಕಡೆ ಕಳ್ಳನೋಟದಲ್ಲಿ ನೋಡುತ್ತ ಪಿಸುಗುಟ್ಟಿದರು: "ಶ್ಶ್... ಸುಮ್ಮನಿರು ರಾಜು. ಭಾನುವಾರ ಒಂದು ಕಳೀಲಿ, ಮತ್ತೆ ಎಷ್ಟು ಬೇಕಾದ್ರೂ ಕೂಗು."

ನಾನು ಅವರ ಕಡೆ ತಿರುಗಿದೆ. "ಅದಕ್ಕಾ ಅತ್ತೆ ನೀವು ಕೊಟ್ಟದ್ದು?"

"ಮತ್ತೆಂತದಕ್ಕೆ?" ಅವರು ಹೊರಗೆ ನೋಡುತ್ತ ಹೇಳಿದರು. "ನೀನು ಹೇಳಿದ್ದನ್ನು ಮಾಡುವವಳೇ. ನೀವಿಬ್ಬರು ಬಾಗಿಲು ಹಾಕಿ ಹೋದ ಮೇಲೆ ಆ ಮನೆಯಲ್ಲಿ ನನ್ನ ಹಿಂದೆ ಬರುವವರು ಯಾರುಂಟು? ಅಡುಗೆಮನೆಗೆ ಹೋದರೆ ಅಡುಗೆಮನೆಗೆ ಬರ್ತದೆ. ಬಟ್ಟೆ ಒಣಗಿಸಲು ಹೋದರೆ ಅಲ್ಲಿಗೆ ಬರ್ತದೆ. ಬೈದರೂ ಬರ್ತದೆ."

ನಾಚಿಕೆಯಿಂದ ಕುಗ್ಗಿಹೋದೆ. ನನ್ನ ನಿದ್ದೆಯ ಲೆಕ್ಕದಲ್ಲಿ ನಾನು ಇದನ್ನು ನೋಡಿಯೇ ಇರಲಿಲ್ಲ. "ಅಳಲಿ ಬಿಡಿ ಅತ್ತೆ," ಎಂದೆ. "ಭಾನುವಾರ ಯಾರೂ ಎಲ್ಲಿಗೂ ಹೋಗುವುದಿಲ್ಲ."

ಅತ್ತೆ ಹೂಂ ಎಂದರು. ಆದರೆ ನಂಬಲಿಲ್ಲ. ಮನೆ ಬರುವವರೆಗೂ ಮರಿಯ ಬಾಯಿಯ ಮೇಲಿನ ಕೈ ತೆಗೆಯಲೇ ಇಲ್ಲ.